ಕ್ರೆಡಿಟ್ ಕಾರ್ಡಿನ ಟ್ರಾವೆಲ್ ಇನ್ಶೂರೆನ್ಸ್: ಪ್ರವಾಸ ರದ್ದಾದರೆ ಕೈಗೆ ಬರುವುದೆಷ್ಟು?

ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಕ್ರೆಡಿಟ್ ಕಾರ್ಡ್ ಜೊತೆ ಫ್ರೀ ಅಂತ ಕೊಡುವ ಟ್ರಾವೆಲ್ ಇನ್ಶೂರೆನ್ಸ್ ನಂಬಿಕೊಂಡು ದುಡ್ಡು ವಾಪಸ್ ಬರದ ಟಿಕೆಟ್, ಹೋಟೆಲ್ ಬುಕ್ ಮಾಡಬೇಡಿ. ಬ್ಯಾಗ್ ಕಳೆದುಹೋದರೆ ಅದು ಕೆಲಸಕ್ಕೆ ಬರುತ್ತದೆ, ನನಗೂ ಬಂದಿದೆ. ಪ್ರವಾಸವೇ ನಿಂತುಹೋದರೆ ಬಹಳಷ್ಟು ಕಾರ್ಡ್‌ಗಳಲ್ಲಿ ಏನೂ ಬರುವುದಿಲ್ಲ. ಆದರೆ ಅದೇ ಕಾರ್ಡಿನಲ್ಲಿ ಚಾರ್ಜ್‌ಬ್ಯಾಕ್ ಅಂತ ಒಂದು ಹಕ್ಕಿದೆ, ಅಂದರೆ ಕಾರ್ಡಿನಲ್ಲಿ ಕಟ್ಟಿದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ಕೇಳುವುದು. ಅದರ ಬಗ್ಗೆ ಯಾರೂ ಜಾಹೀರಾತು ಕೊಡುವುದಿಲ್ಲ, ಆದರೆ ಪ್ರವಾಸ ಕೆಟ್ಟಾಗ ಹೋಟೆಲಿಗೆ ಕಟ್ಟಿದ ದುಡ್ಡಿನಲ್ಲಿ ಒಂದಿಷ್ಟಾದರೂ ವಾಪಸ್ ಬಂದದ್ದು ಅದರಿಂದಲೇ.

ನನ್ನ ಬಳಿ ಇರುವುದು ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಫೀಸಿನ ಕಾರ್ಡ್. ಅದರ ಮೇಲೆ 18% ಜಿಎಸ್‌ಟಿ ಬೇರೆ. ಬ್ಯಾಂಕಿನ ಹೆಸರು ಬೇಡ, ಯಾಕೆಂದರೆ ಇದು ಒಂದು ಬ್ಯಾಂಕಿನ ಕಥೆಯಲ್ಲ. ಕಾರ್ಡ್ ಬಂದ ಡಬ್ಬಿಯಲ್ಲಿ ಒಂದು ದಪ್ಪ ಹಾಳೆಯ ಪುಸ್ತಕ ಇತ್ತು. ವಿಮಾನದ ರೆಕ್ಕೆಯ ಚಿತ್ರ, ಅದರ ಕೆಳಗೆ ‘ಸಂಪೂರ್ಣ ಪ್ರಯಾಣ ವಿಮೆ’ ಅನ್ನುವ ಸಾಲು. ಫೋನ್ ಮಾಡಿ ಕಾರ್ಡ್ ಮಾರಿದ ಹುಡುಗನೂ ‘ಟ್ರಾವೆಲ್ ಎಲ್ಲಾ ಕವರ್ ಆಗುತ್ತೆ ಮೇಡಂ’ ಅಂದಿದ್ದ. ಅದಕ್ಕೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಈ ‘ಎಲ್ಲಾ’ ಅನ್ನುವುದರ ಒಳಗೆ ಏನಿದೆ, ಏನಿಲ್ಲ ಅಂತ ಕಾರ್ಡ್ ತೆಗೆದುಕೊಳ್ಳುವವರಿಗೆ ಗೊತ್ತಿರಬೇಕು.

ನಾವು ಹೊರಟಿದ್ದು ವಿಯೆಟ್ನಾಂಗೆ. ಬೆಂಗಳೂರಿನಿಂದ ಹೋ ಚಿ ಮಿನ್ ಸಿಟಿಗೆ ನೇರ ವಿಮಾನ, ಅಲ್ಲಿಂದ ದಾ ನಾಂಗ್, ಹೋಯ್ ಆನ್. ಇತ್ತೀಚೆಗೆ ನಮ್ಮ ಕಡೆಯವರು ಊಟಿಗೆ ಹೋದಷ್ಟು ಸಲೀಸಾಗಿ ಹೋಗಿಬರುವ ಊರುಗಳು ಅವು. ಟಿಕೆಟ್, ಹೋಟೆಲ್ ಎಲ್ಲವನ್ನೂ ಇದೇ ಕಾರ್ಡಿನಲ್ಲಿ ಕಟ್ಟಿದ್ದೆವು. ಇ-ವೀಸಾಗೆ ತಲೆಗೆ 25 ಡಾಲರ್. ಹೊರಡುವ ಹಿಂದಿನ ವಾರ ಮೈಸೂರಿನಲ್ಲಿ ಅಪ್ಪ ಬಚ್ಚಲುಮನೆಯಲ್ಲಿ ಜಾರಿಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿತ್ತು, ಆಪರೇಷನ್ ಆಗಲೇಬೇಕಿತ್ತು. ಪ್ರವಾಸದ ಮಾತು ಅಲ್ಲಿಗೆ ಮುಗಿಯಿತು. (ಅಪ್ಪ ಈಗ ವಾಕರ್ ಬಿಟ್ಟು ಕೋಲು ಹಿಡಿದು ಓಡಾಡುತ್ತಿದ್ದಾರೆ.)

ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು ಬ್ಯಾಂಕಿಗೆ ಫೋನ್ ಮಾಡಿದೆ. ಇನ್ಶೂರೆನ್ಸ್ ವಿಷಯ ನಮ್ಮದಲ್ಲ ಅಂತ ಅವರು ವಿಮಾ ಕಂಪನಿಯ ನಂಬರ್ ಕೊಟ್ಟರು. ವಿಮಾ ಕಂಪನಿಯಲ್ಲಿ ಸಿಕ್ಕ ಹೆಣ್ಣುಮಗಳು ಒಳ್ಳೆಯವಳು, ಮೊದಲು ಅಪ್ಪನ ಬಗ್ಗೆ ಕೇಳಿದಳು. ಆಮೇಲೆ ‘ಮೇಡಂ, ನಿಮ್ಮ ಕಾರ್ಡಿನ ಪಾಲಿಸಿಯಲ್ಲಿ ಟ್ರಿಪ್ ಕ್ಯಾನ್ಸಲೇಷನ್ ಅನ್ನುವುದೇ ಇಲ್ಲ, ಕ್ಲೇಮ್ ನಂಬರ್ ಸಹ ಹಾಕಲು ಬರುವುದಿಲ್ಲ, ಬೇಕಾದರೆ ಪಾಲಿಸಿ ಕಳಿಸುತ್ತೇನೆ, ನೋಡಿ’ ಅಂದಳು.

ಆ ಪಿಡಿಎಫ್ ಬಂತು. ಎರಡನೇ ಪುಟದಲ್ಲಿ ಒಂದು ಪಟ್ಟಿ. ಎಡಗಡೆ ರಕ್ಷಣೆ, ಬಲಗಡೆ ಮೊತ್ತ. ವಿಮಾನ ಅಪಘಾತದಲ್ಲಿ ಸಾವು, ಒಂದು ಕೋಟಿ ರೂಪಾಯಿ. ಅದು ಮೊದಲ ಸಾಲು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಚೆಕ್-ಇನ್ ಬ್ಯಾಗ್ ಕಳೆದರೆ, ಬ್ಯಾಗ್ ತಡವಾದರೆ, ಪಾಸ್‌ಪೋರ್ಟ್ ಕಳೆದರೆ, ವಿಮಾನ ತಡವಾದರೆ, ಮುಂದಿನ ವಿಮಾನ ತಪ್ಪಿದರೆ. ಮೊತ್ತಗಳು ಕೆಳಗೆ ಹೋದಂತೆ ಸಣ್ಣದಾಗುತ್ತಾ ಹೋಗುತ್ತವೆ. ಪಟ್ಟಿ ಅಷ್ಟೇ. ಮನೆಯಿಂದ ಹೊರಡುವ ಮುಂಚೆ ಪ್ರವಾಸ ರದ್ದಾದರೆ ಅನ್ನುವ ಸಾಲು ಎಲ್ಲೂ ಇಲ್ಲ. ಸಣ್ಣ ಅಕ್ಷರದಲ್ಲಿ ‘ಇದಕ್ಕೆ ಅನ್ವಯಿಸುವುದಿಲ್ಲ’ ಅಂತ ಕೂಡ ಬರೆದಿಲ್ಲ. ಇಲ್ಲದ್ದನ್ನು ಇಲ್ಲ ಅಂತ ಹೇಳುವ ಅಗತ್ಯ ಅವರಿಗಿಲ್ಲ, ಅಲ್ವಾ. ಹಾಗಾಗಿ ಪಾಲಿಸಿ ಓದುವಾಗ ನಿಬಂಧನೆಗಳಿಗಿಂತ ಮೊದಲು ಈ ಪಟ್ಟಿ ನೋಡಿ. ನಿಮಗೆ ಬೇಕಾದ ಸಾಲು ಅಲ್ಲಿ ಇಲ್ಲ ಅಂದರೆ ಮುಂದಿನ ಮೂವತ್ತು ಪುಟ ಓದುವುದು ಸುಮ್ನೆ.

ಯಾಕೆ ಹೀಗೆ ಅಂದರೆ, ಈ ಪಾಲಿಸಿ ನನ್ನ ಹೆಸರಲ್ಲಿ ಇರುವುದಿಲ್ಲ. ಅದು ಗ್ರೂಪ್ ಪಾಲಿಸಿ, ಪಾಲಿಸಿದಾರ ಬ್ಯಾಂಕ್, ಕಾರ್ಡ್ ಇರುವವರು ಆ ಗುಂಪಿನ ಸದಸ್ಯರು ಮಾತ್ರ. ಪ್ರೀಮಿಯಂ ಕಟ್ಟುವುದು ಬ್ಯಾಂಕ್. ವಿಮಾನ ಅಪಘಾತ ತೀರಾ ಅಪರೂಪ, ಆದ್ದರಿಂದ ಕೋಟಿ ರೂಪಾಯಿಯ ರಕ್ಷಣೆಯೂ ಬ್ಯಾಂಕಿಗೆ ಅಗ್ಗಕ್ಕೆ ಸಿಗುತ್ತದೆ, ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಜ್ವರ, ಮೂಳೆ ಮುರಿತ, ಮನೆಯಲ್ಲಿ ಸಾವು ಇವೆಲ್ಲ ದಿನಾ ಆಗುವಂಥವು, ಅದಕ್ಕೆ ರಕ್ಷಣೆ ಕೊಳ್ಳಲು ದುಬಾರಿ. ಇನ್ನೊಂದು ವಿಷಯ, ಗ್ರೂಪ್ ಪಾಲಿಸಿಯನ್ನು ಬ್ಯಾಂಕ್ ನವೀಕರಿಸುವಾಗ ವಿಮಾ ಕಂಪನಿಯೇ ಬದಲಾಗಬಹುದು, ಮೊತ್ತಗಳು ಬದಲಾಗಬಹುದು. ಹಳೆಯ ವಿಡಿಯೊ ನೋಡಿ ‘ಈ ಕಾರ್ಡಲ್ಲಿ ಅದಿದೆ’ ಅಂತ ನಂಬುವುದು ಬೇಡ. ಈ ವರ್ಷದ ಪಾಲಿಸಿ ತರಿಸಿ ನೋಡಬೇಕು.

ವಿಡಿಯೊ ಅಂದಾಗ ನೆನಪಾಯಿತು. ನಮ್ಮ ಜನರ ಗೊಂದಲಕ್ಕೆ ದೊಡ್ಡ ಕಾರಣ ಅಮೆರಿಕದ ವಿಡಿಯೊಗಳು. ಅಲ್ಲಿನ ಕೆಲವು ಕಾರ್ಡ್‌ಗಳಲ್ಲಿ ಪ್ರವಾಸ ರದ್ದಾದರೆ ನಿಜಕ್ಕೂ ದುಡ್ಡು ಕೊಡುತ್ತಾರೆ. ಚೇಸ್ ಸಫೈರ್ ಪ್ರಿಫರ್ಡ್ ಅನ್ನುವ ಕಾರ್ಡಿನಲ್ಲಿ ಒಬ್ಬರಿಗೆ 10,000 ಡಾಲರ್, ಒಂದು ಪ್ರವಾಸಕ್ಕೆ ಒಟ್ಟು 20,000 ಡಾಲರ್ ತನಕ ರಕ್ಷಣೆ ಇದೆ. ಅದರ ವಾರ್ಷಿಕ ಫೀಸ್ 95 ಡಾಲರ್, ಅಂದರೆ ನನ್ನ ಕಾರ್ಡಿಗಿಂತ ಕಡಿಮೆಯೇ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಅಕ್ಕ ಅದನ್ನೇ ಇಟ್ಟುಕೊಂಡಿದ್ದಾಳೆ. ಪ್ರವಾಸಕ್ಕೆ ಬರದೆ ಮನೆಯಲ್ಲೇ ಇರುವ ತಂದೆತಾಯಿ, ಅತ್ತೆ ಮಾವ ಆಸ್ಪತ್ರೆ ಸೇರಿದರೂ ಅಲ್ಲಿ ಅದು ಕಾರಣವಾಗುತ್ತದೆ. ನನಗಾದದ್ದು ಅವಳಿಗೆ ಆಗಿದ್ದರೆ, ಹಳೆಯ ಕಾಯಿಲೆ ಅಂತ ಅವರು ತಕರಾರು ತೆಗೆಯದಿದ್ದರೆ, ದುಡ್ಡು ವಾಪಸ್ ಬರುತ್ತಿತ್ತು.

ಆದರೆ ಅಲ್ಲೂ ಪಟ್ಟಿಯಲ್ಲಿರುವ ಕಾರಣಕ್ಕೆ ಮಾತ್ರ. ಮನಸ್ಸು ಬದಲಾಯಿತು, ಆಫೀಸಿನಲ್ಲಿ ರಜೆ ಕೊಡಲಿಲ್ಲ, ವೀಸಾ ಸಿಗಲಿಲ್ಲ, ಇವು ಯಾವುವೂ ಕಾರಣವಲ್ಲ. ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಇದನ್ನು ಗಮನಿಸಬೇಕು. 2025ರ ಡಿಸೆಂಬರ್‌ನಲ್ಲಿ ಸೋಷಿಯಲ್ ಮೀಡಿಯಾ ತಪಾಸಣೆ ಶುರುವಾಗಿ ಭಾರತದಲ್ಲಿ ವೀಸಾ ಸ್ಟಾಂಪಿಂಗ್ ಅಪಾಯಿಂಟ್‌ಮೆಂಟ್‌ಗಳನ್ನು ತಿಂಗಳುಗಟ್ಟಲೆ ಮುಂದೆ ಹಾಕಿದರು. ಅದರಿಂದ ಊರಿಗೆ ಬರುವುದನ್ನೇ ಕೈಬಿಟ್ಟವರ ಟಿಕೆಟ್ ದುಡ್ಡು ಇಂಥ ಕಾರ್ಡ್ ವಿಮೆಯಲ್ಲಿ ಸಿಗುವಂಥದ್ದಲ್ಲ. ಜೊತೆಗೆ ಅಲ್ಲೂ ಬ್ಯಾಂಕ್ ಬೇಕೆಂದಾಗ ಈ ಸೌಲಭ್ಯ ಕಿತ್ತುಕೊಳ್ಳಬಹುದು. ಸಿಟಿ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತನ್ನ ಬಹುತೇಕ ಕಾರ್ಡ್‌ಗಳಿಂದ ಇದನ್ನು ತೆಗೆದುಹಾಕಿತು. ಅಮೆರಿಕನ್ ಎಕ್ಸ್‌ಪ್ರೆಸ್ 2020ರ ಜನವರಿಯಿಂದ ತನ್ನ ಕೆಲವು ಕಾರ್ಡ್‌ಗಳಿಗೆ ಸೇರಿಸಿತು. ಕಾರ್ಡಿನ ಹೆಸರು, ಬಣ್ಣ ಎರಡೂ ದೇಶದಲ್ಲಿ ಒಂದೇ ಇದ್ದರೂ ಅಮೆರಿಕದ ಕಾರ್ಡಿನಲ್ಲಿರುವ ವಿಮೆ ಭಾರತದ ಕಾರ್ಡಿನಲ್ಲಿ ಇರಬೇಕೆಂದೇನೂ ಇಲ್ಲ.

ನಮ್ಮಲ್ಲೂ ತುಂಬಾ ದುಬಾರಿ ಫೀಸಿನ ಕೆಲವು ಕಾರ್ಡ್‌ಗಳಲ್ಲಿ ಟ್ರಿಪ್ ಕ್ಯಾನ್ಸಲೇಷನ್ ಇರುತ್ತದೆ. ಅಂಥದ್ದು ನಿಮ್ಮಲ್ಲಿದ್ದರೆ ನೋಡಬೇಕಾದದ್ದು ಕೆಲವು ವಿಷಯ. ಪೂರ್ತಿ ಟಿಕೆಟ್ ಅದೇ ಕಾರ್ಡಿನಲ್ಲಿ ಕಟ್ಟಬೇಕಾ, ಪಾಯಿಂಟ್‌ನಲ್ಲಿ ತೆಗೆದ ಟಿಕೆಟ್ ನಡೆಯುತ್ತದಾ. ಹೆಂಡತಿ ಮಕ್ಕಳು ಸೇರುತ್ತಾರಾ, ಕಾರ್ಡ್ ಇರುವವರು ಮಾತ್ರವಾ. ‘ಕುಟುಂಬ’ ಅಂದರೆ ಯಾರು, ಅದರಲ್ಲಿ ಅಪ್ಪ ಅಮ್ಮ ಇದ್ದಾರಾ. ಇದು ನಮ್ಮಂಥ ಮನೆಗಳಿಗೆ ಬಹಳ ಮುಖ್ಯ. ನಲವತ್ತು ದಾಟಿದವರ ಪ್ರವಾಸ ನಿಲ್ಲುವುದು ತಮ್ಮ ಆರೋಗ್ಯಕ್ಕಿಂತ ಜಾಸ್ತಿ ಅಪ್ಪ ಅಮ್ಮನ ಆರೋಗ್ಯದಿಂದ. ಎಂಬತ್ತರ ಹತ್ತಿರದವರಿಗೆ ಬಿಪಿ, ಶುಗರ್ ಇಲ್ಲದಿರುವುದು ಕಷ್ಟ, ಹಾಗಾಗಿ ‘ಮೊದಲೇ ಇದ್ದ ಕಾಯಿಲೆ’ಗೆ ಏನು ನಿಯಮ ಅನ್ನುವುದನ್ನೂ ಕೇಳಿ. ಉತ್ತರ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದನ್ನು ಕ್ಲೇಮ್ ಸಮಯದಲ್ಲಿ ಯಾರೂ ಒಪ್ಪುವುದಿಲ್ಲ.

ಈಗ ವಿಯೆಟ್ನಾಂ ದುಡ್ಡಿನ ಕಥೆ. ಟಿಕೆಟ್ ಅಗ್ಗದ ದರದ್ದು, ರಿಫಂಡ್ ಇಲ್ಲದ್ದು. ಆದರೂ ತೆರಿಗೆ, ವಿಮಾನ ನಿಲ್ದಾಣದ ಶುಲ್ಕ ವಾಪಸ್ ಕೇಳಿದೆ, ಕೊಟ್ಟರು. ಇದನ್ನು ಕೇಳದೆ ಬಿಡುವವರೇ ಜಾಸ್ತಿ. ನಾವು ಹಾರಲೇ ಇಲ್ಲ ಅಂದಮೇಲೆ ಆ ಶುಲ್ಕ ಇಟ್ಟುಕೊಳ್ಳುವ ಹಾಗಿಲ್ಲ, ರಿಫಂಡ್ ಇಲ್ಲದ ಟಿಕೆಟ್‌ಗೂ ಅದನ್ನು ವಾಪಸ್ ಕೊಡಬೇಕು ಅನ್ನುವುದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ. ಕ್ಯಾನ್ಸಲೇಷನ್ ಚಾರ್ಜ್ ಕೂಡ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ವಿದೇಶಿ ವಿಮಾನ ಕಂಪನಿಯಾದರೆ ರಿಫಂಡ್‌ಗೆ ಅವರ ದೇಶದ ನಿಯಮ ನಡೆಯುತ್ತದೆ. ಇ-ವೀಸಾ ಫೀಸ್ ಹೋಯಿತು, ಅದು ಯಾವ ಕಾರಣಕ್ಕೂ ವಾಪಸ್ ಬರುವುದಿಲ್ಲ.

ಹೋಯ್ ಆನ್‌ನ ಹೋಟೆಲ್‌ನವರಿಗೆ ಅಪ್ಪನ ಆಸ್ಪತ್ರೆಯ ಚೀಟಿ ಕಳಿಸಿ ಬರೆದೆ. ಅವರು ಪಾಪ, ಅರ್ಧ ದುಡ್ಡು ಕಾರ್ಡಿಗೆ ವಾಪಸ್ ಹಾಕುತ್ತೇವೆ ಅಂತ ಇಮೇಲ್‌ನಲ್ಲಿ ಒಪ್ಪಿಕೊಂಡರು. ಆಮೇಲೆ ಸ್ಟೇಟ್‌ಮೆಂಟ್ ಮೇಲೆ ಸ್ಟೇಟ್‌ಮೆಂಟ್ ಬಂತು, ದುಡ್ಡು ಬರಲಿಲ್ಲ, ನಮ್ಮ ಇಮೇಲ್‌ಗೂ ಉತ್ತರ ನಿಂತಿತು. ಆಗ ಬ್ಯಾಂಕಿನ ಆ್ಯಪ್‌ನಲ್ಲಿ ಆ ವ್ಯವಹಾರ ಒತ್ತಿ ‘ಡಿಸ್ಪ್ಯೂಟ್’ ಹಾಕಿದೆ, ಚಾರ್ಜ್‌ಬ್ಯಾಕ್ ಕೇಳುವುದು ಹೀಗೆ. ಕಾರಣದ ಜಾಗದಲ್ಲಿ ‘ರಿಫಂಡ್ ಒಪ್ಪಿದ್ದಾರೆ, ಆದರೆ ಜಮಾ ಆಗಿಲ್ಲ’ ಅನ್ನುವುದನ್ನು ಆರಿಸಿ, ಹೋಟೆಲ್‌ನವರ ಆ ಒಂದು ಇಮೇಲ್ ಲಗತ್ತಿಸಿದೆ. ಬ್ಯಾಂಕ್ ಮೊದಲು ತಾತ್ಕಾಲಿಕವಾಗಿ ಜಮಾ ಮಾಡಿತು, ಹೋಟೆಲ್‌ನವರು ತಕರಾರು ತೆಗೆಯಲಿಲ್ಲ, ಅದೇ ಖಾಯಂ ಆಯಿತು. ಇಡೀ ಪ್ರಕರಣದಲ್ಲಿ ಬ್ಯಾಂಕ್ ನಿಜಕ್ಕೂ ಕೆಲಸ ಮಾಡಿದ್ದು ಇಲ್ಲಿ, ಆ ವಿಭಾಗಕ್ಕೆ ನನ್ನ ಪೂರ್ತಿ ಅಂಕ.

ಚಾರ್ಜ್‌ಬ್ಯಾಕ್ ಏನಕ್ಕೆ ನಡೆಯುತ್ತದೆ, ಏನಕ್ಕೆ ನಡೆಯುವುದಿಲ್ಲ ಅನ್ನುವುದು ಸ್ಪಷ್ಟವಿರಲಿ. ರಿಫಂಡ್ ಇಲ್ಲ ಅಂತ ಒಪ್ಪಿ ಬುಕ್ ಮಾಡಿ, ನಾವೇ ಹೋಗದೆ ಇದ್ದರೆ ನಡೆಯುವುದಿಲ್ಲ. ದುಡ್ಡು ಪಡೆದ ಹೋಟೆಲ್ಲೋ ವಿಮಾನ ಕಂಪನಿಯೋ ಸೇವೆಯನ್ನೇ ಕೊಡಲಿಲ್ಲ, ಅಥವಾ ಕೊಡುತ್ತೇವೆ ಅಂದ ರಿಫಂಡ್ ಕೊಡಲಿಲ್ಲ ಅಂದರೆ ನಡೆಯುತ್ತದೆ. ಗೋ ಫಸ್ಟ್ ವಿಮಾನ ಕಂಪನಿ ನೆನಪಿದೆಯಾ? 2023ರ ಮೇ 2ರಂದು ದಿವಾಳಿ ಅರ್ಜಿ ಹಾಕಿತು, ಮರುದಿನದಿಂದ ಹಾರಾಟ ನಿಂತಿತು. ಟಿಕೆಟ್ ಕೈಯಲ್ಲಿದ್ದವರು ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿಯಿಂದ ದುಡ್ಡು ಬರಬೇಕಾದವರ ಸಾಲಿನಲ್ಲಿ ನಿಲ್ಲಬೇಕಾಯಿತು. ಕಂಪನಿ ದಿವಾಳಿಯಾಗುವುದನ್ನು ಎಷ್ಟೋ ವಿಮಾ ಪಾಲಿಸಿಗಳು ಸೇರಿಸಿಕೊಳ್ಳುವುದೇ ಇಲ್ಲ. ಇಂಥ ಹೊತ್ತಲ್ಲಿ ಕಾರ್ಡಿನಲ್ಲಿ ಕಟ್ಟಿದವರಿಗೆ ಉಳಿಯುವ ದಾರಿ ಚಾರ್ಜ್‌ಬ್ಯಾಕ್. ವೀಸಾ (Visa) ಅನ್ನುವ ಪಾವತಿ ಜಾಲದ ಕಾರ್ಡ್‌ಗಳಲ್ಲಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನದ ಗಡುವು ಇರುತ್ತದೆ, ತಡ ಮಾಡಬಾರದು. ಯುಪಿಐಯಲ್ಲೋ ನೆಟ್ ಬ್ಯಾಂಕಿಂಗ್‌ನಲ್ಲೋ ಕಟ್ಟಿದರೆ ಇಷ್ಟು ಗಟ್ಟಿಯಾದ ದಾರಿ ಇರುವುದಿಲ್ಲ. ಅದಕ್ಕೇ ದೊಡ್ಡ ಬುಕ್ಕಿಂಗ್‌ಗಳನ್ನು ನಾನು ಈಗಲೂ ಕಾರ್ಡಿನಲ್ಲೇ ಮಾಡುತ್ತೇನೆ.

ವಿಮಾನ ಕಂಪನಿಯೇ ರದ್ದು ಮಾಡಿದರೆ ಮಾತು ಬೇರೆ. ಆಗ ವಿಮೆಯ ಕಡೆ ನೋಡುವ ಮುಂಚೆ ಕಂಪನಿಯನ್ನೇ ಹಿಡಿಯಬೇಕು. ರಿಫಂಡ್ ಅಥವಾ ಬದಲಿ ವಿಮಾನ ನಮ್ಮ ಹಕ್ಕು. ಸರಿಯಾಗಿ ಮುಂಚೆ ತಿಳಿಸದೆ ತಮ್ಮದೇ ಕಾರಣಕ್ಕೆ ರದ್ದು ಮಾಡಿದರೆ ಪರಿಹಾರವೂ ಇದೆ. ಹಾರಾಟದ ಅವಧಿ ಒಂದು ಗಂಟೆ ತನಕ 5,000, ಎರಡು ಗಂಟೆ ತನಕ 7,500, ಅದಕ್ಕಿಂತ ಜಾಸ್ತಿಯಾದರೆ 10,000 ರೂಪಾಯಿ, ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇದರಲ್ಲಿ ಯಾವುದು ಕಡಿಮೆಯೋ ಅದು. ಮಂಜು, ಬಿರುಗಾಳಿ, ಯುದ್ಧದಂಥ ಕಾರಣಕ್ಕೆ ಇದಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿ ನಿಯಮಕ್ಕೆ ತಯಾರಿಲ್ಲದೆ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿತಲ್ಲ, 5ನೇ ತಾರೀಖು ಒಂದೇ ದಿನ ಸಾವಿರಕ್ಕೂ ಮೇಲೆ. ಆಗ ಸರ್ಕಾರ 7ನೇ ತಾರೀಖು ರಾತ್ರಿ 8 ಗಂಟೆಯೊಳಗೆ ರಿಫಂಡ್ ಮುಗಿಸಿ ಅಂತ ಆದೇಶ ಕೊಟ್ಟಿತು. ಟಿಕೆಟ್ ದುಡ್ಡಿಗೆ ಅದು ಸರಿ. ಆದರೆ ಆ ಕಡೆ ಬುಕ್ ಮಾಡಿದ್ದ ಹೋಟೆಲ್, ಟ್ಯಾಕ್ಸಿ, ಮದುವೆ ಮನೆಗೆ ಮುಟ್ಟಲು ಕೊಟ್ಟ ದುಪ್ಪಟ್ಟು ದರ? ಬರೀ ‘ವಿಮಾನ ತಡ’ದ ಸಾಲಿರುವ ನನ್ನಂಥ ಕಾರ್ಡಿನ ವಿಮೆಯಲ್ಲಿ ಕಾಯುವಾಗ ಮಾಡಿದ ಊಟ, ರೂಮಿನ ಬಿಲ್ ಮಾತ್ರ ಕೇಳಬಹುದು, ಅದೂ ರಸೀದಿ ಇದ್ದರೆ.

ಬ್ಯಾಗಿನ ವಿಷಯಕ್ಕೆ ಇದೇ ಕಾರ್ಡನ್ನು ಹೊಗಳಲೇಬೇಕು. ಹಿಂದೊಮ್ಮೆ ಪ್ಯಾರಿಸ್‌ಗೆ ಹೋದಾಗ, ನಡುವೆ ವಿಮಾನ ಬದಲಿಸಿದ ಊರಲ್ಲೇ ನಮ್ಮ ಬ್ಯಾಗ್ ಉಳಿದುಬಿಟ್ಟಿತು. ಬೆಲ್ಟ್ ಖಾಲಿ ತಿರುಗುತ್ತಿತ್ತು. ಹೊರಗೆ ಬರುವ ಮುಂಚೆ ಅಲ್ಲೇ ಕೌಂಟರ್‌ನಲ್ಲಿ ಪಿಐಆರ್ ಅನ್ನುವ ದೂರಿನ ಚೀಟಿ ಬರೆಸಿಕೊಂಡೆವು. ಅದಿಲ್ಲದೆ ಯಾವ ಕ್ಲೇಮೂ ಮುಂದೆ ಹೋಗುವುದಿಲ್ಲ. ಸ್ವೆಟರ್, ಒಳ ಉಡುಪು, ಟೂತ್‌ಬ್ರಷ್, ಮಗಳ ಔಷಧಿ, ಎಲ್ಲದಕ್ಕೂ ಬಿಲ್ ಇಟ್ಟುಕೊಂಡೆವು. ಬೋರ್ಡಿಂಗ್ ಪಾಸ್ ತುಂಡು, ಬ್ಯಾಗ್ ಟ್ಯಾಗ್, ಬ್ಯಾಗ್ ಯಾವಾಗ ಕೈಸೇರಿತು ಅಂತ ವಿಮಾನ ಕಂಪನಿಯ ಪತ್ರ, ಕಾರ್ಡ್ ಸ್ಟೇಟ್‌ಮೆಂಟ್, ಇವಿಷ್ಟು ಕಳಿಸಿದ ಮೇಲೆ ತಕರಾರಿಲ್ಲದೆ ದುಡ್ಡು ಬಂತು. ಚಳಿಗೆ ಕೊಂಡ ಸ್ವೆಟರ್ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪಟ್ಟಿಯಲ್ಲಿ ಸಾಲು ಇದ್ದರೆ ಇವರು ಕೊಡುತ್ತಾರೆ, ಅಷ್ಟನ್ನು ನಾನು ಖಚಿತವಾಗಿ ಹೇಳಬಲ್ಲೆ.

ಹಾಗಾದರೆ ರದ್ದಾಗುವುದಕ್ಕೆ ಏನು ಮಾಡಬೇಕು? ಬೇರೆ ಪಾಲಿಸಿ ಕೊಳ್ಳಬೇಕು, ಬೇರೆ ದಾರಿಯಿಲ್ಲ. ಏಷ್ಯಾದ ಒಂದು ವಾರದ ಪ್ರವಾಸಕ್ಕೆ ಒಬ್ಬರಿಗೆ ಕೆಲವು ನೂರು ರೂಪಾಯಿಯಿಂದಲೇ ಪಾಲಿಸಿ ಸಿಗುತ್ತವೆ, ಆದರೆ ತೀರಾ ಅಗ್ಗದ್ದರಲ್ಲಿ ಬರೀ ಆಸ್ಪತ್ರೆ ಖರ್ಚು ಇರುತ್ತದೆ. ಯುರೋಪಿನ ಶೆಂಗೆನ್ ವೀಸಾಗೆ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ ಅಂತ ಏಜೆಂಟ್ ಹಚ್ಚಿಕೊಡುವ ಪಾಲಿಸಿ ಎಷ್ಟೋ ಸಲ ಇಂಥದ್ದೇ. ಅದು ವೀಸಾ ಕಡತಕ್ಕೆ ಸಾಕು, ಪ್ರವಾಸ ನಿಂತರೆ ಸಾಲದು. ಅಲ್ಲಿ 90 ಯೂರೋ ವೀಸಾ ಫೀಸೂ ಹೋಗುತ್ತದೆ. ಟ್ರಿಪ್ ಕ್ಯಾನ್ಸಲೇಷನ್ ಸಾಲು ಇರುವ ಪಾಲಿಸಿ ಹುಡುಕಿ, ಅದರ ಮೊತ್ತ ನಿಮ್ಮ ಬುಕ್ಕಿಂಗ್‌ಗೆ ಸಾಕಾ ನೋಡಿ, ಮತ್ತೆ ಟಿಕೆಟ್ ತೆಗೆದ ದಿನವೇ ಕೊಂಡುಬಿಡಿ. ನಮ್ಮ ಜನ ಪಾಲಿಸಿ ಕೊಳ್ಳುವುದು ಹೊರಡುವ ಹಿಂದಿನ ರಾತ್ರಿ, ಬ್ಯಾಗ್ ತುಂಬಿದ ಮೇಲೆ. ಆಸ್ಪತ್ರೆ ಖರ್ಚಿಗೆ ಅದು ನಡೆಯುತ್ತದೆ. ಆದರೆ ರದ್ದಾಗುವ ಅಪಾಯ ಇರುವುದೇ ಬುಕ್ಕಿಂಗ್‌ಗೂ ಹೊರಡುವುದಕ್ಕೂ ನಡುವಿನ ಆ ತಿಂಗಳುಗಳಲ್ಲಿ. ಪಾಲಿಸಿ ಕೊಳ್ಳುವ ಮುಂಚೆ ಅಪ್ಪ ಬಿದ್ದರೆ ಯಾವ ಕಂಪನಿಯೂ ಕೊಡುವುದಿಲ್ಲ.

ದೇಶದೊಳಗಿನ ವಿಮಾನಕ್ಕಾದರೆ ಬುಕ್ಕಿಂಗ್ ಆ್ಯಪ್‌ಗಳು ಕೊನೆಯಲ್ಲಿ ತೋರಿಸುವ ‘ಝೀರೋ ಕ್ಯಾನ್ಸಲೇಷನ್’ ನನಗೆ ಹಿಡಿಸಿದೆ, ಬುಕ್ ಮಾಡುವಾಗ ಸ್ವಲ್ಪ ಹೆಚ್ಚು ಕಟ್ಟಿದರೆ ರದ್ದು ಮಾಡಿದಾಗ ಟಿಕೆಟ್ ದುಡ್ಡು ವಾಪಸ್ ಬರುತ್ತದೆ. ಯಾಕೆ ರದ್ದು ಮಾಡಿದಿರಿ ಅಂತ ಕೇಳುವುದಿಲ್ಲ, ಡಾಕ್ಟರ್ ಚೀಟಿ ಬೇಡ. ಒಬ್ಬರಿಗೆ ಇಷ್ಟು ಅಂತ ಮಿತಿ ಇದೆಯಾ, ಹೊರಡುವ ಎಷ್ಟು ಗಂಟೆ ಮುಂಚೆ ರದ್ದು ಮಾಡಬೇಕು, ಈ ಎರಡನ್ನು ಮಾತ್ರ ನೋಡಿಕೊಳ್ಳಿ. ರೈಲಿನ ಟಿಕೆಟ್ ಜೊತೆ ಐಆರ್‌ಸಿಟಿಸಿ 45 ಪೈಸೆಗೆ ಕೊಡುತ್ತದಲ್ಲ, ಅದು ಅಪಘಾತದ ವಿಮೆ, ಸಾವಿಗೆ 10 ಲಕ್ಷ. ಬಿಡಬೇಡಿ, ಟಿಕ್ ಹಾಕಿ. ಆದರೆ ರದ್ದತಿಗೂ ಅದಕ್ಕೂ ಸಂಬಂಧ ಇಲ್ಲ.

ಕೊನೆಗೆ ದೂರಿನ ವಿಷಯ. ‘ಎಲ್ಲಾ ಕವರ್ ಆಗುತ್ತೆ’ ಅಂದಿದ್ದಕ್ಕೆ ಬ್ಯಾಂಕಿಗೆ ಬರೆದೆ. ಪುಸ್ತಕದ ಆ ಪುಟದ ಫೋಟೊ, ಪಾಲಿಸಿಯ ಪಟ್ಟಿಯ ಫೋಟೊ ಪಕ್ಕಪಕ್ಕ ಹಾಕಿ ಕಳಿಸಿದೆ. ಆ ವರ್ಷದ ಫೀಸ್ ವಾಪಸ್ ಮಾಡಿದರು. ನಿಮಗೂ ಹೀಗಾದರೆ ಸುಮ್ಮನಿರಬೇಡಿ. ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ಬರೆಯಬಹುದು. ಕ್ಲೇಮ್ ತಿರಸ್ಕರಿಸಿದ್ದು ತಪ್ಪು ಅನಿಸಿದರೆ ಮೊದಲು ವಿಮಾ ಕಂಪನಿಯ ದೂರು ವಿಭಾಗಕ್ಕೆ, ಆಮೇಲೆ ವಿಮಾ ನಿಯಂತ್ರಕರ ಬಿಮಾ ಭರೋಸಾ ಪೋರ್ಟಲ್, 155255 ಸಹಾಯವಾಣಿ. ಅಲ್ಲೂ ಆಗದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿದೆ. ಫೀಸ್ ಇಲ್ಲ, ವಕೀಲರು ಬೇಡ, 50 ಲಕ್ಷದ ತನಕದ ವಿವಾದ ನೋಡುತ್ತಾರೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಪಾಲಿಸಿಯ ಪ್ರತಿ ಮತ್ತು ಅವರ ತಿರಸ್ಕಾರದ ಪತ್ರ ಜೊತೆಯಲ್ಲಿರಲಿ.